ಓದುಗರ ಪ್ರಶ್ನೆಗಳು: ಯುದ್ಧಕಾಲದ ಕಾಲೇಜು ಫುಟ್‌ಬಾಲ್

ಪ್ರಶ್ನೆ: ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು 1943ರಲ್ಲಿ ಕೊನೆಯ ಪಂದ್ಯವನ್ನು ಸೋತರೂ ದೇಶದ ಪ್ರಥಮ ತಂಡವೆನಿಸಿತೆಂದೂ, ಅದರ ಮುಖ್ಯ ಆಟಗಾರ ಆರೇ ಪಂದ್ಯಗಳನ್ನಾಡಿ ವರ್ಷದ ಶ್ರೇಷ್ಠ ಆಟಗಾರನಾದನೆಂದೂ ಓದಿದೆ. ಇದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ಓದಿದ್ದು ನಿಜ. ಇದು ನಮ್ಮ ಕಾಸರಗೋಡಿನ ಬಯಲುಗಳಲ್ಲಿ ಆಡುವ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಆಗ ಪ್ರಥಮ ಸ್ಥಾನವನ್ನು ಕ್ರೀಡಾ ಪತ್ರಕರ್ತರ ಮತದಾನವೇ ನಿರ್ಧರಿಸುತ್ತಿತ್ತು. ಆದ್ದರಿಂದ ಒಂದು ಸೋಲು ತಂಡವನ್ನು ಹೊರಗಿಡುತ್ತಿರಲಿಲ್ಲ. ಆ ಸೋಲು ಕೂಡ ಇನ್ನೊಂದು ಕಾಲೇಜಿನ ಕೈಯಲ್ಲಿ ಆದುದಲ್ಲ. ಷಿಕಾಗೊ ಸಮೀಪದ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ ತಂಡವು ಪಂದ್ಯ ಮುಗಿಯಲು ಒಂದು ನಿಮಿಷವೂ ಉಳಿದಿರದಾಗ ಅಂಕ ಗಳಿಸಿ 19–14ರಿಂದ ಗೆದ್ದಿತು. ಯುದ್ಧಕ್ಕೆ ಸೇರಿದ ಅನುಭವಿ ಆಟಗಾರರು ಇಂತಹ ಸೇನಾ ತಂಡಗಳಲ್ಲಿ ತುಂಬಿದ್ದರು.

ನೀವು ಹೇಳುವ ಆಟಗಾರ ಏಂಜೆಲೊ ಬರ್ಟೆಲಿ. ಆರನೆಯ ಪಂದ್ಯ ಮುಗಿಯುತ್ತಲೇ ಮರೀನ್ ದಳದ ತರಬೇತಿಗೆ ಕರೆ ಬಂದು ಆತ ಹೊರಟುಹೋದ. ಅವನ ಜಾಗಕ್ಕೆ ಬಂದ ಜಾನಿ ಲುಜ್ಯಾಕ್ ಎಂಬ ಎರಡನೆಯ ವರ್ಷದ ವಿದ್ಯಾರ್ಥಿಯು ಮೊದಲ ಪರೀಕ್ಷೆಯಲ್ಲೇ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ವಿರುದ್ಧ ತಂಡವನ್ನು 26–0ರಿಂದ ಗೆಲ್ಲಿಸಿದ. ಹಾಗಿದ್ದರೂ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಆ ವರ್ಷ ಬರ್ಟೆಲಿಗೇ ಸಂದಿತು. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಉಳಿದ ನಾಲ್ಕು ಪಂದ್ಯಗಳನ್ನು ಆಡದೆ ಹೋದದ್ದು ಅವನ ಇಚ್ಛೆಯಿಂದಲ್ಲ.

ಪ್ರಶ್ನೆ: ಯುವಕರೆಲ್ಲ ಸೈನ್ಯಕ್ಕೆ ಹೋಗಿದ್ದರೆ ಕಾಲೇಜುಗಳಿಗೆ ಆಟಗಾರರು ಎಲ್ಲಿಂದ ಸಿಕ್ಕಿದರು?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಇಡೀ ವಿಷಯದ ಕೀಲಿಕೈ ಇಲ್ಲಿದೆ. ನೌಕಾಪಡೆಯು 1943ರ ಜುಲೈಯಲ್ಲಿ ವಿ-12 ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ ಅಧಿಕಾರಿಗಳಾಗಬೇಕಾದ ಯುವಕರನ್ನು 131 ಕಾಲೇಜುಗಳಲ್ಲಿ ಓದಿಸಿತು, ಮತ್ತು ಅವರಿಗೆ ಕಾಲೇಜು ತಂಡದಲ್ಲಿ ಆಡಲು ಅನುಮತಿ ನೀಡಿತು. ಭೂಸೇನೆಯೋ ತನ್ನ ಇಂತಹದೇ ಯೋಜನೆಯ ವಿದ್ಯಾರ್ಥಿಗಳಿಗೆ ಆ ಅನುಮತಿಯನ್ನು ಕೊಡಲಿಲ್ಲ. ಹೀಗಾಗಿ ತಮ್ಮ ಆವರಣಕ್ಕೆ ಯಾವ ಪಡೆಯ ಶಿಬಿರ ಬಂದಿತೆಂಬುದೇ ಕೆಲವು ಕಾಲೇಜುಗಳ ಹಣೆಬರಹವಾಯಿತು. ವಿಸ್ಕಾನ್ಸಿನ್ ತಂಡವು 1942ರಲ್ಲಿ ಎಂಟು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತ್ತು. ಮರುವರ್ಷ ಅದರ ಎಲ್ರಾಯ್ ಹರ್ಷ್ ಮುಂತಾದವರನ್ನು ಮಿಷಿಗನ್ ವಿಶ್ವವಿದ್ಯಾಲಯದಲ್ಲಿನ ವಿ-12 ತರಬೇತಿಗೆ ಕಳುಹಿಸಲಾಯಿತು. ಮಿಷಿಗನ್ ಒಂಬತ್ತರಲ್ಲಿ ಎಂಟು ಗೆದ್ದರೆ ವಿಸ್ಕಾನ್ಸಿನ್ ಹತ್ತರಲ್ಲಿ ಒಂಬತ್ತು ಸೋತಿತು. ನಮ್ಮ ಕಡೆಯ ಸೆವೆನ್ಸ್ (ಏಳು ಮಂದಿಯ ಕಾಲ್ಚೆಂಡು) ಪಂದ್ಯಾಟಗಳಲ್ಲಿ ಹೊರಗಿನಿಂದ ಆಟಗಾರರನ್ನು ಕರೆತರುವುದನ್ನು ನೀವು ನೋಡಿರಬಹುದು, ಆದರೆ ಅಲ್ಲಿ ಕರೆಯುವವರು ಕ್ಲಬ್ಬಿನವರು. ಇಲ್ಲಿ ಆಟಗಾರನಿಗಾಗಲಿ ತರಬೇತುದಾರನಿಗಾಗಲಿ ಆಯ್ಕೆಯೇ ಇರಲಿಲ್ಲ.

ಎಲ್ಲರೂ ಆಡಲೂ ಇಲ್ಲ. ಅಲಬಾಮಾ, ಟೆನೆಸಿ, ಆಬರ್ನ್ ಮುಂತಾದ ದಕ್ಷಿಣದ ಹೆಸರಾಂತ ಕಾಲೇಜುಗಳು 1943ರಲ್ಲಿ ತಂಡವನ್ನೇ ಕಟ್ಟಲಿಲ್ಲ. 1939ರ ಹೈಸ್ಮನ್ ವಿಜೇತ, ಅಯೋವಾದ ನೈಲ್ ಕಿನಿಕ್, 1943ರ ಜೂನ್ 2ರಂದು ವೆನೆಜುವೆಲಾದ ಕರಾವಳಿಯಾಚೆ ತರಬೇತಿ ಹಾರಾಟದಲ್ಲಿದ್ದಾಗ ವಿಮಾನ ಸಮುದ್ರಕ್ಕಿಳಿದು ತೀರಿಕೊಂಡ. ಆ ವರ್ಷಗಳ ಅಂಕಪಟ್ಟಿಯನ್ನು ನೋಡುವವರು ಇವನ ಹೆಸರನ್ನೂ ಓದಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಹಾಗಾದರೆ ಆ ವರ್ಷಗಳ ಗೆಲುವುಗಳನ್ನು ಲೆಕ್ಕಕ್ಕೆ ಹಿಡಿಯಬಹುದೇ?
– ದೈಹಿಕ ಶಿಕ್ಷಣ ಶಿಕ್ಷಕರು, ಕುಂಬಳೆ

ಉತ್ತರ: ಹಿಡಿಯಬೇಕು, ಆದರೆ ಮೈದಾನಕ್ಕೆ ಇಳಿದವರು ಯಾರೆಂಬುದನ್ನೂ ನೋಡಿ. ನೋಟರ್ ಡೇಮ್ ಮತ್ತು ವೆಸ್ಟ್ ಪಾಯಿಂಟ್ ನಡುವಿನ ಪಂದ್ಯಗಳನ್ನೇ ತೆಗೆದುಕೊಳ್ಳಿ. 1943ರಲ್ಲಿ 26–0ರಿಂದ ಗೆದ್ದ ನೋಟರ್ ಡೇಮ್, ತರಬೇತುದಾರ ಫ್ರ್ಯಾಂಕ್ ಲೇಹಿ ಮತ್ತು ಲುಜ್ಯಾಕ್ ಇಬ್ಬರೂ ನೌಕಾಪಡೆಗೆ ಸೇರಿದ ಮೇಲೆ, 1944ರಲ್ಲಿ ಅದೇ ಎದುರಾಳಿಗೆ 59–0ರಿಂದಲೂ 1945ರಲ್ಲಿ 48–0ರಿಂದಲೂ ಸೋತಿತು. ಇಬ್ಬರೂ ಹಿಂತಿರುಗಿದ 1946ರಲ್ಲಿ, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ, ಎರಡೂ ತಂಡಗಳಿಗೆ ಒಂದಂಕವೂ ಸಿಗದೆ ಪಂದ್ಯ ಸಮನಾಯಿತು.