ಅವಳನ್ನ ಆಡೋಕೆ ಬಿಡ್ತೀಯಾ?

ಕ್ರೀಡಾ ವೈದ್ಯಕೀಯ ಓದಬೇಕು, ಸಲಹೆ ಕೊಡಿ ಎಂದು ನನ್ನ ಹತ್ತಿರ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಕುಂಟುತ್ತಲೇ ಬರುತ್ತಾರೆ. ಕಾಲು ವಾಸಿಯಾಗಿರುತ್ತದೆ, ನಡಿಗೆ ನೆಟ್ಟಗಿರುತ್ತದೆ. ಆದರೂ ಮಾತು ಶುರುವಾದ ಐದು ನಿಮಿಷಕ್ಕೆ ಎಲ್ಲಿ ಪೆಟ್ಟಾಗಿತ್ತು ಅನ್ನೋದು ಗೊತ್ತಾಗಿಬಿಡುತ್ತದೆ. ಮಂಡಿ, ಇಲ್ಲವೇ ಭುಜ, ಇಲ್ಲವೇ ಬೆನ್ನು. ಆಮೇಲೆ ಆ ಮಾತು ಬಂದೇ ಬರುತ್ತದೆ: "ನನಗಾದದ್ದು ಇನ್ಯಾರಿಗೂ ಆಗಬಾರದು."

ಮೊದಲೆಲ್ಲ ಈ ಮಾತು ಕೇಳಿದರೆ ನನ್ನ ಕಣ್ಣು ತುಂಬಿ ಬರುತ್ತಿತ್ತು. ಈಗ ಸ್ವಲ್ಪ ಎಚ್ಚರವಾಗುತ್ತೇನೆ. ಕಲ್ಲು ಮನಸ್ಸಿನವಳು ಅಂದುಕೊಂಡರೂ ಚಿಂತೆಯಿಲ್ಲ, ಯಾಕೆ ಅನ್ನೋದನ್ನು ಬರೆದುಬಿಡುತ್ತೇನೆ. ಇಲ್ಲಿ ಬರುವ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವಳಿಗೆ 18 ವರ್ಷ. ಫುಟ್‌ಬಾಲ್ ಆಡುತ್ತಿದ್ದಳು. ಎರಡು ವರ್ಷದ ಹಿಂದೆ ಓಡುತ್ತಾ ಓಡುತ್ತಾ ಸರಕ್ಕನೆ ತಿರುಗಿದಾಗ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿತ್ತು. ಯಾರೂ ತಾಗಿರಲಿಲ್ಲ. ಈ ಗಾಯ ಹೆಚ್ಚಾಗಿ ಆಗುವುದೇ ಹಾಗೆ. ಎದುರಾಳಿ ಬಂದು ಗುದ್ದಬೇಕಿಲ್ಲ, ತಿರುಗುವಾಗಲೋ ಜಿಗಿದು ಇಳಿಯುವಾಗಲೋ ಮಂಡಿ ಒಳಕ್ಕೆ ವಾಲಿದರೆ ಸಾಕು. ಹುಡುಗರಿಗಿಂತ ಹುಡುಗಿಯರಿಗೆ ಇದು ಜಾಸ್ತಿ. ಆಪರೇಷನ್ ಆಯಿತು. ತಿಂಗಳುಗಟ್ಟಲೆ ವ್ಯಾಯಾಮ ಆಯಿತು. ಮೈದಾನಕ್ಕೆ ಮರಳಿ ಎರಡು ಪಂದ್ಯ ಆಡಿದಳು, ಮೂರನೆಯದಕ್ಕೆ ಹೋಗಲಿಲ್ಲ. ಮನೆಯವರಿಗೆ "ಓದಿಗೆ ಟೈಮ್ ಸಾಲ್ತಿಲ್ಲ" ಅಂದಳಂತೆ. ಅಂಕಗಳು ಚೆನ್ನಾಗಿದ್ದವು, ಆದ್ದರಿಂದ ಯಾರೂ ಹೆಚ್ಚು ಕೇಳಲಿಲ್ಲ.

ನನ್ನ ಬಳಿ ಬಂದದ್ದು ಅರ್ಜಿಯ ಜೊತೆ ಹಚ್ಚುವ ಪತ್ರ ತಿದ್ದಿಸಿಕೊಳ್ಳಲು ಮಾತ್ರ. 'ನಾನು ಈ ಕೋರ್ಸನ್ನು ಯಾಕೆ ಓದಬೇಕು ಎಂದಿದ್ದೇನೆ' ಅನ್ನುವ ಪತ್ರ. ಸೊಗಸಾಗಿ ಬರೆದಿದ್ದಳು. 2021ರ ಜೂನ್ 12ರಂದು ಯುರೋ ಫುಟ್‌ಬಾಲ್ ಪಂದ್ಯದ ನಡುವೆ ಡೆನ್ಮಾರ್ಕಿನ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದದ್ದು, ತಂಡದವರು ಸುತ್ತ ಗೋಡೆಯಂತೆ ನಿಂತದ್ದು, ವೈದ್ಯರು ಅಲ್ಲೇ ಎದೆ ಒತ್ತಿ, ಶಾಕ್ ಕೊಟ್ಟು ನಿಂತ ಹೃದಯವನ್ನು ಮತ್ತೆ ನಡೆಸಿದ್ದು, ಎಲ್ಲ ಅದರಲ್ಲಿತ್ತು. ಅಲ್ಲಿಂದ ತನ್ನ ಮಂಡಿಗೆ ಬಂದು, ಕೊನೆಗೆ ಆ ಪ್ರಸಿದ್ಧ ಸಾಲು.

ಓದಿ ಮುಗಿಸಿ ನಾನು "ಚೆನ್ನಾಗಿದೆ" ಅಂದೆ. ಅಷ್ಟು ಹೇಳಿ ಕಳಿಸಿಬಿಡಬಹುದಿತ್ತು. ಹಿಂದೊಮ್ಮೆ ಒಬ್ಬ ಹುಡುಗನಿಗೆ ಹಾಗೇ ಮಾಡಿದ್ದೆ. ಅವನದು ಭುಜದ ಕತೆ. ಪತ್ರವನ್ನು ನಾನೇ ಒಪ್ಪ ಮಾಡಿ ಕೊಟ್ಟಿದ್ದೆ, ಸೀಟೂ ಸಿಕ್ಕಿತು. ಎರಡನೇ ವರ್ಷ ಬಿಟ್ಟು ಬಂದ. "ದಿನವಿಡೀ ಬೇರೆಯವರ ಭುಜ ವಾಸಿಯಾಗೋದನ್ನ ನೋಡ್ತಾ ಕೂರೋಕೆ ಆಗ್ಲಿಲ್ಲ ಮೇಡಂ" ಅಂದಿದ್ದ. ಅವನ ಎರಡು ವರ್ಷದಲ್ಲಿ ನನ್ನ ಪಾಲೂ ಇದೆ.

ಹಾಗಾಗಿ ಇವಳಿಗೆ ಇನ್ನೆರಡು ಸಲ ಬರಲು ಹೇಳಿದೆ. ಎರಡನೇ ಭೇಟಿ ಬರೀ ಮಾಹಿತಿಯಲ್ಲೇ ಕಳೆಯಿತು. ಕ್ರೀಡಾ ವೈದ್ಯರು ಅಂದರೆ ಮಂಡಿ ಕೊಯ್ಯುವವರು ಎಂದೇ ಅವಳು ತಿಳಿದಿದ್ದಳು. ಕೊಯ್ಯುವುದು ಮೂಳೆ ಶಸ್ತ್ರವೈದ್ಯರ ಕೆಲಸ. ಕ್ರೀಡಾ ವೈದ್ಯರ ದಿನದ ಬಹುಪಾಲು ಆಪರೇಷನ್ ಇಲ್ಲದ ಕೆಲಸ: ಉಳುಕಿದ ಪಾದ, ಎಳೆದುಕೊಂಡ ತೊಡೆಯ ಸ್ನಾಯು, ಬಿಡದೆ ಕಾಡುವ ಹಿಮ್ಮಡಿ ನೋವು. ಬರುವವರೆಲ್ಲ ಆಟಗಾರರೇ ಆಗಿರಬೇಕಿಲ್ಲ. ವಾರಕ್ಕೊಮ್ಮೆ ಓಡುವವರು, ಮೆಟ್ಟಿಲು ಹತ್ತಲಾಗದವರು, ಸಕ್ಕರೆ ಕಾಯಿಲೆಗೆ ಎಷ್ಟು ನಡೆಯಬೇಕು ಎಂದು ಕೇಳುವವರೂ ಇರುತ್ತಾರೆ. ತಿಂಗಳುಗಟ್ಟಲೆ ಜೊತೆಗೆ ನಿಂತು ವ್ಯಾಯಾಮ ಮಾಡಿಸುವವರು ಫಿಸಿಯೋಥೆರಪಿಸ್ಟ್. ಇವು ಬೇರೆ ಬೇರೆ ಓದು, ಬೇರೆ ಬೇರೆ ಬದುಕು. ಎರಿಕ್ಸನ್‌ಗೆ ಆದಂಥ ಗಳಿಗೆ ಎಷ್ಟೋ ವೈದ್ಯರ ಇಡೀ ವೃತ್ತಿಯಲ್ಲಿ ಒಮ್ಮೆಯೂ ಬರುವುದಿಲ್ಲ. ಬಂದರೆ ಕೈ ನಡುಗಬಾರದು, ಅದಕ್ಕೆ ತಾಲೀಮು ಬೇಕು, ಅದು ಸರಿ. ಆದರೆ ಆ ಒಂದು ಗಳಿಗೆಗಾಗಿ ಮೂವತ್ತು ವರ್ಷ ಪಾದಕ್ಕೆ ಪಟ್ಟಿ ಸುತ್ತುತ್ತಾ ಕೂರಲು ಆಗುವುದಿಲ್ಲ.

ಅವಳು ಎಲ್ಲ ಬರೆದುಕೊಂಡಳು. ಒಳ್ಳೆ ವಿದ್ಯಾರ್ಥಿ.

ಮೂರನೇ ಭೇಟಿಯಲ್ಲಿ ಪತ್ರವನ್ನು ಪಕ್ಕಕ್ಕಿಟ್ಟೆ. "ಈಗ ನೀನು ಡಾಕ್ಟರು" ಅಂದೆ. "ಎದುರಿಗೆ 16 ವರ್ಷದ ಹುಡುಗಿ ಕೂತಿದ್ದಾಳೆ. ನಿನ್ನದೇ ಮಂಡಿ, ನಿನ್ನದೇ ಆಪರೇಷನ್. ಹತ್ತನೇ ತಿಂಗಳು ನಡೀತಿದೆ. ಎರಡೂ ಕಾಲಿನ ಬಲ ಅಳೆದಾಯ್ತು, ಒಂಟಿ ಕಾಲಲ್ಲಿ ಜಿಗಿಸಿಯೂ ನೋಡಿದ್ದಾಯ್ತು. ಪೆಟ್ಟಾದ ಕಾಲು ಇನ್ನೊಂದರ ಶೇ 90ಕ್ಕಿಂತ ಮೇಲಿದೆ. ಅವಳಿಗೆ ಹೆದರಿಕೆ ಇಲ್ಲ. ಶನಿವಾರ ಪಂದ್ಯ. ಅವಳನ್ನ ಆಡೋಕೆ ಬಿಡ್ತೀಯಾ?"

"ಇನ್ನೊಂದು ಸ್ಕ್ಯಾನ್ ಮಾಡಿಸ್ತೀನಿ."

"ಮಾಡಿಸಿದೆ. ಸರಿಯಾಗಿದೆ."

"ಇನ್ನೊಂದು ತಿಂಗಳು ಕಾಯೋಣ ಅಂತೀನಿ."

"ಕಾದಳು. ಹನ್ನೊಂದು ತಿಂಗಳಾಯ್ತು. ಬಿಡ್ತೀಯಾ?"

"ಅವಳ ಕೋಚ್ ಹತ್ರ ಮಾತಾಡ್ತೀನಿ. ಪೂರ್ತಿ ಆಡಿಸಬೇಡಿ, ಹತ್ತು ನಿಮಿಷ ಸಾಕು ಅಂತ."

"ಕೋಚ್ ಒಪ್ಪಿದ್ರು. ಈಗ?"

ನಗುತ್ತಾ ಶುರುವಾದ ಆಟ ಅದು. ಈಗ ಅವಳು ನಗುತ್ತಿರಲಿಲ್ಲ. ತುಂಬ ಹೊತ್ತಾದ ಮೇಲೆ "ಬಿಡಲ್ಲ ಮೇಡಂ" ಅಂದಳು.

"ಯಾಕೆ?"

"ಅವಳಿಗೆ ಮತ್ತೆ ಆಗ್ಬಿಟ್ರೆ?"

ಇದು ನಾನು ಕಾಯುತ್ತಿದ್ದ ಉತ್ತರ. ಇದಕ್ಕೆ ನನ್ನ ಹತ್ತಿರ ಮಾತು ಸಿದ್ಧವಿತ್ತು. ಒಂಬತ್ತು ತಿಂಗಳವರೆಗೆ ಕಾದರೆ ಲಾಭವಿದೆ ಎಂದು ಅಧ್ಯಯನ ಹೇಳುತ್ತದೆ. 2016ರಲ್ಲಿ ಪ್ರಕಟವಾದ ಒಂದರಲ್ಲಿ, ಆ ಒಂಬತ್ತು ತಿಂಗಳೊಳಗೆ ಒಂದೊಂದು ತಿಂಗಳು ತಡ ಮಾಡಿದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂಬತ್ತು ದಾಟಿದ ಮೇಲೆ ಆ ಲಾಭ ಕಾಣಲಿಲ್ಲ. ಹಾಗಾಗಿ ಹನ್ನೊಂದನೇ ತಿಂಗಳಲ್ಲಿ, ಎಲ್ಲ ಪರೀಕ್ಷೆ ಪಾಸಾದ ಹುಡುಗಿಯನ್ನು ಹಿಡಿದಿಟ್ಟುಕೊಳ್ಳುವುದು ಎಚ್ಚರಿಕೆಯಲ್ಲ, ನಿನ್ನ ಹೆದರಿಕೆ. ಇದನ್ನು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಅದಲ್ಲ ಮೇಡಂ. ಆಗದೇ ಇದ್ರೆ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅವಳಿಗೆ ಏನೂ ಆಗದೆ ಚೆನ್ನಾಗಿ ಆಡಿಬಿಟ್ರೆ, ನಾನು ಸುಮ್ಸುಮ್ನೆ ಆಟ ಬಿಟ್ಟೆ ಅಂತಾಯ್ತಲ್ಲ."

ಇಷ್ಟು ವರ್ಷದಲ್ಲಿ ಇಷ್ಟು ನೇರವಾದ ಮಾತನ್ನು ನಾನು ಕೇಳಿದ್ದು ಕಡಿಮೆ. ಹೇಳಿದ ಮೇಲೆ ತನಗೇ ಹೆದರಿಕೆಯಾದವಳಂತೆ ಬ್ಯಾಗಿನ ಜಿಪ್ ಎಳೆಯುತ್ತಾ ಕೂತಳು. "ನಾನು ಕೆಟ್ಟವಳಾ?" ಅಂತ ಕೇಳಿದಳು. ಅಲ್ಲ ಅಂದೆ. ಆದರೆ ಅಲ್ಲಿಗೆ ಸಮಾಧಾನ ಮಾಡಿ ಮಾತು ಮುಚ್ಚಲಿಲ್ಲ. ತಲೆ ಸವರಿ ಕಳಿಸಿದ್ದರೆ ಆ ಮಾತು ಮತ್ತೆ ಒಳಗೇ ಇಳಿದುಬಿಡುತ್ತಿತ್ತು.

ಬದಲಿಗೆ ಒಂದು ಲೆಕ್ಕ ಕೊಟ್ಟೆ. ಎಸಿಎಲ್ ಆಪರೇಷನ್ ಆದವರ ಬಗ್ಗೆ ನಡೆದ 69 ಅಧ್ಯಯನಗಳನ್ನು ಒಟ್ಟು ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ. ನೂರರಲ್ಲಿ 81 ಮಂದಿ ಏನಾದರೊಂದು ಆಟಕ್ಕೆ ಮರಳಿದ್ದರು. ಮೊದಲಿದ್ದ ಮಟ್ಟಕ್ಕೆ ಮರಳಿದವರು 65. ಪಂದ್ಯಾಟಗಳಿಗೆ ಮರಳಿದವರು 55. "ಮರಳದೇ ಇದ್ದವರಲ್ಲಿ ಎಲ್ಲರ ಮಂಡಿಯೂ ಕೆಟ್ಟಿರಲಿಲ್ಲ. ಕಾಲು ಸರಿಹೋದರೂ ಅದನ್ನ ನಂಬೋಕೆ ಆಗದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ನೀನೊಬ್ಬಳೇ ಸುಮ್ಸುಮ್ನೆ ಬಿಟ್ಟಿದ್ದಲ್ಲ" ಅಂದೆ. ಅವಳು ಆಗ ಅತ್ತಳು. ಮೂರು ಭೇಟಿಯಲ್ಲಿ ಮೊದಲ ಸಲ.

ನಾನು ಕೊಟ್ಟ ಸಲಹೆ ಇಷ್ಟು. ಅರ್ಜಿಗೆ ಇನ್ನೂ ನಾಲ್ಕು ತಿಂಗಳಿದೆ, ಪತ್ರವನ್ನು ಈಗ ಮುಟ್ಟಬೇಡ. ಮಂಡಿಯ ಗಾಯದವರಿಗೆ ವ್ಯಾಯಾಮ ಮಾಡಿಸುವ ಕಡೆ ಆರು ವಾರ ಹೋಗಿ ಕೂತುಕೋ. ಆಟಗಾರರು ಮಾತ್ರ ಬರುವ ಜಾಗ ಬೇಡ, ಎಲ್ಲರೂ ಬರುವ ಜಾಗ ನೋಡು. ಕೈ ಹಾಕಬೇಡ, ಸಲಹೆ ಕೊಡಬೇಡ, ಸುಮ್ನೆ ನೋಡು. ದಿನಾ ಎರಡೇ ವಿಷಯ ಬರಿ: ಎಷ್ಟು ಗಂಟೆಗೆ ಬೇಜಾರಾಯ್ತು, ಯಾರನ್ನು ನೋಡಿ ಹೊಟ್ಟೆ ಉರೀತು. ಇನ್ನು ನಿನ್ನ ಆಟ ನಿಂತುಹೋದ ದುಃಖದ ಬಗ್ಗೆ ಬೇರೊಬ್ಬ ಸಲಹೆಗಾರರ ಹತ್ತಿರ ಮಾತಾಡು. ಓದಿನ ವಿಷಯಕ್ಕೂ ಅದಕ್ಕೂ ನಾನೊಬ್ಬಳೇ ಆದರೆ ಎರಡೂ ಕಲೆಸಿಹೋಗುತ್ತವೆ.

ಅವಳ ತಾಯಿಗೆ ಇದು ಹಿಡಿಸಲಿಲ್ಲ. "ಓದ್ತೀನಿ ಅನ್ನೋ ಮಗುವಿನ ಆಸೆಗೆ ತಣ್ಣೀರು ಎರಚಿದ್ರಿ" ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗಳು ಎರಡು ವರ್ಷದ ಮೇಲೆ ಯಾವುದಾದರೂ ಒಂದನ್ನು ಬೇಕು ಅಂದಿದ್ದಳು. ನನ್ನ ಜೊತೆಗೆ ಕೆಲಸ ಮಾಡುವವರೊಬ್ಬರೂ ಕೇಳಿದರು: ನೋವು ತಿಂದವರೇ ಅಲ್ವಾ ಒಳ್ಳೆ ವೈದ್ಯರಾಗೋದು? ಯಾರ ಉದ್ದೇಶ ತಾನೇ ಅಪ್ಪಟ?

ಅಪ್ಪಟವಾಗಿರಬೇಕು ಎಂದು ನಾನು ಎಲ್ಲೂ ಹೇಳಿಲ್ಲ. ಹೆಸರಿಗಾಗಿ ಬಂದವರು, ಅಪ್ಪನ ಒತ್ತಾಯಕ್ಕೆ ಬಂದವರು, ಮೈದಾನದ ಹತ್ತಿರ ಇರಬಹುದು ಅಂತ ಬಂದವರು, ಎಲ್ಲರಲ್ಲೂ ಒಳ್ಳೆಯ ವೈದ್ಯರಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಈ ವೃತ್ತಿಯ ಕಷ್ಟದ ಕೆಲಸ ಎರಡು. ಆಡಲೇಬೇಕು ಅನ್ನುವವರನ್ನು ತಡೆಯುವುದು ಒಂದು. ತಲೆಗೆ ಪೆಟ್ಟು ಬಿದ್ದು ಮಂಕಾದ ಆಟಗಾರ್ತಿಗೆ ಎಷ್ಟೇ ಹುಮ್ಮಸ್ಸಿರಲಿ, ಫೈನಲ್ಲೇ ಇರಲಿ, ಅವತ್ತು ಮತ್ತೆ ಆಡಿಸುವಂತಿಲ್ಲ. ಆಗ ಕೋಚ್ ಕೂಗಾಡಿದರೂ ವೈದ್ಯರು ಅಲ್ಲಾಡಬಾರದು. ಇನ್ನೊಂದು, ಸಿದ್ಧವಾದವರನ್ನು ಆಡಲು ಬಿಡುವುದು. ವೈದ್ಯರ ಸ್ವಂತ ಗಾಯ ಎರಡಕ್ಕೂ ಅಡ್ಡ ಬರಬಹುದು. ಬಂದಾಗ ಅದು ತನ್ನದು ಅನ್ನೋದು ಗೊತ್ತಿರಬೇಕು, ಅಷ್ಟೇ. ಇಲ್ಲದಿದ್ದರೆ ಯಾವುದೋ ಹದಿನಾರರ ಹುಡುಗಿ ಕಾರಣವೇ ತಿಳಿಯದೆ ಒಂದು ವರ್ಷ ಬೆಂಚಿನಲ್ಲಿ ಕೂತಿರುತ್ತಾಳೆ.

ಅವಳ ಪತ್ರದಲ್ಲಿದ್ದ ಎರಿಕ್ಸನ್ ಕತೆಯೂ ಅಲ್ಲಿಗೆ ಮುಗಿದಿರಲಿಲ್ಲ. ಹೃದಯದ ಬಡಿತ ಹದ ತಪ್ಪಿದರೆ ತಾನೇ ಶಾಕ್ ಕೊಡುವ ಡಿಫಿಬ್ರಿಲೇಟರ್ ಅನ್ನು ಎದೆಯೊಳಗೆ ಇಟ್ಟುಕೊಂಡು ಅವರು 2022ರಲ್ಲಿ ಮತ್ತೆ ಆಡಿದರು. ಅದಕ್ಕೂ ಹಿಂದೆ, 2012ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಫ್ಯಾಬ್ರಿಸ್ ಮುವಾಂಬಾ ಹಾಗೆಯೇ ಮೈದಾನದಲ್ಲಿ ಕುಸಿದಿದ್ದರು, ಬದುಕಿದರು, ಅದೇ ವರ್ಷ ವೈದ್ಯರ ಸಲಹೆಯಂತೆ ಆಟ ಬಿಟ್ಟರು. ಒಬ್ಬರು ಮರಳಿದರು, ಒಬ್ಬರು ಮರಳಲಿಲ್ಲ. ವೈದ್ಯರು ಇಬ್ಬರಿಗೂ ಮಾಡಬೇಕಾದ್ದನ್ನು ಮಾಡಿದ್ದರು. ಪತ್ರ ಬರೆಯುವ ಮಕ್ಕಳು ಕುಸಿದು ಬಿದ್ದ ಗಳಿಗೆಯನ್ನು ಬರೆಯುತ್ತಾರೆ, ಆಮೇಲಿನ ತಿಂಗಳುಗಳನ್ನು ಬರೆಯುವುದಿಲ್ಲ.

ಇನ್ನೊಂದು ಮಾತು, ಇಂಥ ಮಕ್ಕಳ ಅಪ್ಪ ಅಮ್ಮಂದಿರಿಗೆ. ಆಟ ಬಿಟ್ಟವರು ಆಟದ ಪಕ್ಕದಲ್ಲೇ ಕೆಲಸ ಹುಡುಕಬೇಕು ಅಂತೇನಿಲ್ಲ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗ, ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ ಅವರು ವೈದ್ಯಕೀಯ ಓದುತ್ತಿದ್ದರು. ಅದೇ ವರ್ಷ ಓಟ ಬಿಟ್ಟರು. ಆಮೇಲೆ ಆರಿಸಿಕೊಂಡದ್ದು ನರರೋಗಗಳ ವಿಭಾಗ. ಇದನ್ನು ನಾನು ಹುಡುಗಿಗೂ ಹೇಳಿದ್ದೆ. "ಅವರು ಗೆದ್ದ ಮೇಲೆ ಬಿಟ್ರು ಮೇಡಂ" ಅಂದಳು. ಅದೂ ನಿಜ. ಆ ಉದಾಹರಣೆಯನ್ನು ಈಗ ಜಾಸ್ತಿ ಬಳಸುವುದಿಲ್ಲ.

ಆರು ವಾರ ಮುಗಿದ ಮೇಲೆ ನೋಟ್‌ಬುಕ್ ತಂದು ತೋರಿಸಿದಳು. ಮೊದಲ ವಾರದಲ್ಲಿ '10:40, ಬೇಜಾರು', '10:15, ಬೇಜಾರು', '9:50' ಅಂತಿದೆ. ಮೂರನೇ ವಾರ ಕುರ್ಚಿಯಿಂದ ಕೈ ಊರದೆ ಏಳಲು ಕಲಿಯುತ್ತಿದ್ದ ಅಜ್ಜಿಯೊಬ್ಬರು ಬರುತ್ತಾರೆ. ಅವರು ಎಷ್ಟು ಸಲ ಎದ್ದರು ಅನ್ನುವ ಲೆಕ್ಕವಿದೆ, ಬೇಜಾರಿನ ಸಮಯ ಇಲ್ಲ. ಬರೆಯಲು ಮರೆತಳೋ, ಆಗಲಿಲ್ಲವೋ, ನಾನು ಕೇಳಲಿಲ್ಲ. ಕೊನೆಯ ವಾರ ಒಬ್ಬ ಹುಡುಗ, ಅವಳದೇ ಗಾಯ, ಮೈದಾನಕ್ಕೆ ಮರಳುವ ಮೊದಲಿನ ಪರೀಕ್ಷೆ. ಆ ಪುಟದಲ್ಲಿ ಹೀಗಿದೆ:

'ತುಂಬಾ ಹೊಟ್ಟೆ ಉರೀತು. ಅವನು ಜಿಗಿದು ಇಳಿಯುವಾಗ ಎಡಮಂಡಿ ಒಳಕ್ಕೆ ವಾಲುತ್ತೆ. ಮಾತಾಡಬೇಡ ಅಂದಿದ್ರಿ, ಆದ್ರೂ ಫಿಸಿಯೋಗೆ ಹೇಳಿದೆ. ಅವರು ಇನ್ನೊಂದ್ಸಲ ಜಿಗಿಸಿ ನೋಡಿ, ಹೌದು ಅಂದ್ರು. ಇನ್ನೂ ಮೂರು ವಾರ ವ್ಯಾಯಾಮ ಕೊಟ್ರು. ಅವನಿಗೆ ನನ್ನ ಮೇಲೆ ಸಿಟ್ಟು.'

ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಬೇರೆ ದಿನ ಬರೆದದ್ದಿರಬೇಕು: 'ಮೂರು ವಾರ ಆದ್ಮೇಲೆ ಅವನು ಜಿಗಿಯೋದನ್ನ ನೋಡೋಕೆ ಹೋಗ್ಲಾ?'

ಹೋಗು ಅಂದೆ. ಅರ್ಜಿ ಇನ್ನೂ ಹಾಕಿಲ್ಲ. ವೈದ್ಯಕೀಯವೋ ಫಿಸಿಯೋಥೆರಪಿಯೋ ಅನ್ನುವಲ್ಲಿ ನಿಂತಿದ್ದಾಳೆ. ಕೊನೆಯ ದಿನಕ್ಕೆ ಐದು ವಾರ ಇದೆ. ಅವಳ ತಾಯಿ ಈಗಲೂ ನನ್ನ ಫೋನ್ ಎತ್ತುವುದಿಲ್ಲ.