ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗೆ ಮಕ್ಕಳನ್ನು ಯಾವ ವಯಸ್ಸಿಗೆ ಬಿಡಬಹುದು?

ಮಗನಿಗೆ 10 ವರ್ಷ, ಕಾರಟಗಿ ಕಡೆ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗಲು, ಅಂದರೆ ಸರಪಳಿಯಲ್ಲಿ ಕಟ್ಟಿದ ಭಾರವನ್ನು ಟ್ರ್ಯಾಕ್ಟರ್ ಓಡಿಸಿ ಎಳೆಯಲು, ಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. 18 ತುಂಬಿ, ಲೈಸೆನ್ಸ್ ಕೈಗೆ ಬರಲಿ.

ಭತ್ತದ ಗದ್ದೆಯ ಕೆಸರಲ್ಲಿ ಹಿಂದಿನ ಗಾಲಿ ಹೂತಾಗ ಟ್ರ್ಯಾಕ್ಟರ್ ಮೂತಿ ಮೇಲೇಳುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಜಗ್ಗುವಾಗಲೂ ಅದೇ ಆಗುತ್ತದೆ. ಹಿಂದಿನ ಭಾರ ಕದಲದಿದ್ದರೆ ಎಂಜಿನ್ ಬಲವೆಲ್ಲ ಮುಂಭಾಗವನ್ನು ಎತ್ತುತ್ತದೆ. ಸರಪಳಿಯನ್ನು ಎತ್ತರಕ್ಕೆ ಕಟ್ಟಿದ್ದರೆ ಅಪಾಯ ಇನ್ನೂ ಜಾಸ್ತಿ. ಒಂದೆರಡು ಸೆಕೆಂಡಿನಲ್ಲಿ ಗಾಡಿ ಹಿಂದಕ್ಕೆ ಮಗುಚಿ ಓಡಿಸುವವರ ಮೇಲೇ ಬೀಳಬಹುದು. ಅಷ್ಟರೊಳಗೆ ಕ್ಲಚ್ ಪೂರ್ತಿ ತುಳಿಯಬೇಕು. 10 ವರ್ಷದ ಹುಡುಗನಿಗೆ ಕಾಲೂ ಎಟುಕುವುದಿಲ್ಲ, ಬಲವೂ ಸಾಲುವುದಿಲ್ಲ. ತೊಡೆ ಮೇಲೆ ಕೂರಿಸಿಕೊಂಡು ಓಡಿಸುವುದೂ ಬೇಡ.

ಕಾನೂನೂ ಇದೆ. ಅಪ್ರಾಪ್ತ ಮಕ್ಕಳು ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಹಾಗಂತ ಮಗನ ಆಸೆಯನ್ನು ಸುಮ್ನೆ ಚಿವುಟಬೇಡಿ. ಅಮೆರಿಕದ ಹಳ್ಳಿ ಜಾತ್ರೆಗಳಲ್ಲಿ ಚಿಕ್ಕ ಮಕ್ಕಳಿಗೆ ಪೆಡಲ್ ಟ್ರ್ಯಾಕ್ಟರ್ ಸ್ಪರ್ಧೆ ಇರುತ್ತದೆ. ಎಂಜಿನ್ ಇರುವುದಿಲ್ಲ, ಪೆಡಲ್ ತುಳಿದು ಹಿಂದಿನ ಭಾರ ಎಳೆಯಬೇಕು. ಮುಂದೆ ಹೋದಂತೆ ಎಳೆತ ಬಿಗಿಯಾಗುತ್ತದೆ. ಯಾರು ದೂರ ಎಳೆದರೋ ಅವರು ಗೆದ್ದಂತೆ. ಇಂಥ ಗಾಡಿಯನ್ನು ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಹಿಂದೆ ಮರಳಿನ ಚೀಲ ಕಟ್ಟಿದರಾಯಿತು.

ಇನ್ನೊಂದು ಮಾತು. ದೊಡ್ಡವರ ಸ್ಪರ್ಧೆ ನೋಡಲು ಹೋದಾಗ ಮಗನನ್ನು ಸರಪಳಿಯ ನೇರಕ್ಕೆ ನಿಲ್ಲಿಸಬೇಡಿ. ತುಂಡಾದರೆ ಅದು ಹಾರಿ ಬಡಿಯುತ್ತದೆ.