‘ನೀನು ಯಾರ ಪೈಕಿ?’ ಎಂದು ಕೇಳುವ ಊರಿಗೆ ಬರುವ ಮುನ್ನ

ಪತ್ರದಲ್ಲಿ ‘ಅಕ್ಕಾ’ ಎಂದು ಕರೆದಿದ್ದೀರಿ. ಹಾಗಾಗಿ ಅಕ್ಕನ ಹಾಗೆ ಸ್ವಲ್ಪ ಗದರುವ ಸಲುಗೆಯನ್ನೂ ತೆಗೆದುಕೊಳ್ಳುತ್ತೇನೆ. ಗಂಡ ಹೆಂಡತಿ ಇಬ್ಬರದೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಐದು ವರ್ಷದ ಮಗಳಿದ್ದಾಳೆ, ಎಲ್ಲಿಂದಲಾದರೂ ಕೆಲಸ ಮಾಡಲು ಕಂಪನಿ ಒಪ್ಪಿದೆ, ಸ್ಪೇನಿನ ಹಳ್ಳಿಗಳಲ್ಲಿ ಪುಕ್ಕಟೆ ಮನೆ ಕೊಡುತ್ತಾರೆ ಎಂಬ ವಿಡಿಯೊ ನೋಡಿದ್ದೀರಿ. ಯಾರ ಗೊಡವೆಯೂ ಇಲ್ಲದೆ ನೆಮ್ಮದಿಯಾಗಿ ಇರಬಹುದೇ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ ಎಂಬುದು ಪ್ರಶ್ನೆ.

ಊಟದ ವಿಚಾರ ಆಮೇಲೆ. ಆ ‘ಯಾರ ಗೊಡವೆಯೂ ಇಲ್ಲದೆ’ ಎಂಬುದನ್ನು ಮೊದಲು ಬಿಡಿ. ಅದು ಬೇಕಿದ್ದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯೇ ಮೇಲು.

ನಾನಿರುವುದು ಸ್ಪೇನಿನ ತೆರುಯೆಲ್ ಪ್ರಾಂತ್ಯದ ಹಿಲೋಕಾ ಕಣಿವೆಯ ಒಂದು ಸಣ್ಣ ಊರಿನಲ್ಲಿ. ಕಳೆದ ಶತಮಾನದ ಮಧ್ಯದಲ್ಲಿ ಇಲ್ಲಿಯ ಜನ ಗುಂಪುಗುಂಪಾಗಿ ಬಾರ್ಸಿಲೋನಾ, ವಲೆನ್ಸಿಯಾ, ಸಾರಗೋಸಾಗಳಿಗೆ ಹೋಗಿಬಿಟ್ಟರು. ಇಂಥ ಸೀಮೆಯನ್ನು ಸ್ಪೇನಿನವರು ‘ಖಾಲಿಯಾದ’ ಎನ್ನುವುದಿಲ್ಲ, ‘ಖಾಲಿ ಮಾಡಲಾದ ಸ್ಪೇನ್’ ಎನ್ನುತ್ತಾರೆ. ಆ ಕ್ರಿಯಾಪದದಲ್ಲೇ ಸಿಟ್ಟಿದೆ. ‘ತೆರುಯೆಲ್ ಎಂಬುದೊಂದು ಇದೆ’ ಎಂಬ ಅರ್ಥದ ಹೆಸರಿಟ್ಟುಕೊಂಡ ಚಳವಳಿ 2019ರಲ್ಲಿ ಸಂಸತ್ತಿನ ಕೆಳಮನೆಗೆ ಒಬ್ಬ ಸದಸ್ಯನನ್ನೇ ಕಳುಹಿಸಿತು. ಕೊಪ್ಪದ ಹತ್ತಿರದ ನಮ್ಮ ಕೇರಿಯಲ್ಲಿ ಮೂರು ಮನೆಗಳಿಗೆ ಬೀಗ ಬಿದ್ದಿದೆ, ಅದರಲ್ಲೊಂದು ನಮ್ಮದೇ. ಅದನ್ನು ಬಿಟ್ಟು ಬಂದು ಇನ್ಯಾರದೋ ಬೀಗ ತೆಗೆದು ಕುಳಿತಿದ್ದೇನೆ. ಅದಿರಲಿ.

ಇಷ್ಟು ಕಡಿಮೆ ಜನರಿರುವ ಊರಿನಲ್ಲಿ ನೀವು ಕಾಣದೆ ಇರಲು ಸಾಧ್ಯವೇ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬ್ರೆಡ್ಡಿನ ವ್ಯಾನ್ ಚೌಕದಲ್ಲಿ ಹಾರ್ನ್ ಹೊಡೆಯುತ್ತದೆ. ಎರಡು ದಿನ ನೀವು ಬರಲಿಲ್ಲವೆಂದರೆ ಮೂರನೆಯ ದಿನ ಯಾರೋ ಬಾಗಿಲು ತಟ್ಟುತ್ತಾರೆ. ಹೊಸ ಮುಖ ಕಂಡ ಮುದುಕರು ಕೇಳುವ ಮೊದಲ ಪ್ರಶ್ನೆ, ‘ಇ ತು, ದೆ ಕ್ಯೆನ್ ಎರೆಸ್?’ ಅಕ್ಷರಶಃ ನಮ್ಮೂರಿನದೇ: ‘ನೀನು ಯಾರ ಪೈಕಿ?’ ‘ಭಾರತದವಳು’ ಎಂದು ನಾನು ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ದೇಶ ಯಾವುದು ಎಂದು ಅವರು ಕೇಳಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಎರಡನೆಯ ವರ್ಷದ ಅಕ್ಟೋಬರಿನಲ್ಲಿ. ಇದು ಕೇಸರಿ ಬೆಳೆಯುವ ಸೀಮೆ. ಪಕ್ಕದ ಮೊನ್ರೆಯಾಲ್ ದೆಲ್ ಕಾಂಪೊದಲ್ಲಿ ಕೇಸರಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬಿಸಿಲೇರುವ ಮೊದಲೇ ನೇರಳೆ ಹೂ ಕಿತ್ತು ತರುತ್ತಾರೆ. ಅದನ್ನು ಅಂದೇ ಬಿಡಿಸಿ ಮುಗಿಸಬೇಕು. ಪಕ್ಕದ ಮನೆಯ ಅಜ್ಜಿ ನನ್ನನ್ನೂ ಕರೆದರು. ಮೇಜಿನ ಮೇಲೆ ಹೂವಿನ ರಾಶಿ, ಸುತ್ತ ಐದಾರು ಹೆಂಗಸರು. ಎಡಗೈಯಲ್ಲಿ ಹೂ ಹಿಡಿದು, ತೊಟ್ಟಿನ ಬಳಿ ಉಗುರಿನಿಂದ ಚಿವುಟಿ, ಮೂರೂ ಕೆಂಪು ಎಳೆಗಳನ್ನು ಒಟ್ಟಿಗೆ ಎಳೆಯಬೇಕು. ಬಿಡಿಬಿಡಿಯಾಗಿ ಬಂದರೆ ಅಜ್ಜಿಯ ಹುಬ್ಬು ಮೇಲೇರುತ್ತಿತ್ತು. ಒಂದು ಗ್ರಾಂ ಒಣಕೇಸರಿಗೆ ಇನ್ನೂರರ ಆಸುಪಾಸು ಹೂ ಬೇಕು, ಅಂದಮೇಲೆ ಎಷ್ಟು ಮಾತು ಹಿಡಿಯುತ್ತದೆ ಲೆಕ್ಕ ಹಾಕಿ! ನನ್ನ ಸ್ಪ್ಯಾನಿಷ್ ಕೋರ್ಸಿನಲ್ಲಿ ಬಂದದ್ದಲ್ಲ, ಆ ಮೇಜಿನಲ್ಲಿ ಬಂದದ್ದು. ಮರುದಿನ ಅದೇ ಕೇಸರಿ ಹಾಕಿ ಕೇಸರಿಬಾತ್ ಮಾಡಿ ಕೊಟ್ಟೆ. ‘ಇಷ್ಟೊಂದು ಹಾಕಿದೆಯಾ?’ ಎಂದು ಅಜ್ಜಿ ಗದರಿದರು. ತಟ್ಟೆ ಮಾತ್ರ ಖಾಲಿಯಾಗಿ ಬಂತು. ಮುಂದಿನ ಆಗಸ್ಟಿನ ಊರಹಬ್ಬಕ್ಕೆ ಬಾರ್ಸಿಲೋನಾದಿಂದ ಬಂದವರೊಬ್ಬರು ನನ್ನತ್ತ ನೋಡಿ ಅದೇ ಪ್ರಶ್ನೆ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಬಾರಿನವನು ‘ಕಮ್ಮಾರರ ಮನೆಯವಳು’ ಎಂದ. ನಾವು ಕೊಂಡಿದ್ದು ಹಳೆಯ ಕಮ್ಮಾರರ ಮನೆಯನ್ನು.

ಮನೆಯ ಮಾತು ಬಂತಲ್ಲ. ಪುಕ್ಕಟೆ ಮನೆಯ ವಿಡಿಯೊಗಳ ಹಿಂದೆ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ಊರಿನ ಬಾರ್ ನಡೆಸಬೇಕು, ಇಲ್ಲವೇ ಶಾಲೆಗೆ ಮಕ್ಕಳು ಬೇಕು. ಕೊಳ್ಳುವುದಾದರೆ ಮೊದಲು ಆಸ್ತಿ ನೋಂದಣಿ ಕಚೇರಿಯಿಂದ, ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ‘ನೋತಾ ಸಿಂಪ್ಲೆ’ ತೆಗೆಸಿ. ನಮ್ಮ ಮನೆಗೆ ಏಳು ವಾರಸುದಾರರಿದ್ದರು, ಅವರಲ್ಲೊಬ್ಬರು ಅರ್ಜೆಂಟೀನಾದಲ್ಲಿ. ಸಹಿಗಳು ಕೂಡುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದವು. ತೆರಿಗೆಯ ದಾಖಲೆಯಲ್ಲಿ ಒಂದು ವಿಸ್ತೀರ್ಣ, ನೋಂದಣಿಯಲ್ಲಿ ಇನ್ನೊಂದು. ಪಹಣಿಗೂ ಕ್ರಯಪತ್ರಕ್ಕೂ ತಾಳೆಯಾಗದ ನಮ್ಮ ಕಥೆಯೇ. ಮೊದಲ ವರ್ಷ ಬಾಡಿಗೆಗಿರಿ.

ವೀಸಾ: 2023ರಿಂದ ನಿಮ್ಮಂಥವರಿಗೇ ಒಂದು ದಾರಿಯಿದೆ. ಆದಾಯ ಇಲ್ಲಿನ ಕನಿಷ್ಠ ವೇತನದ ಎರಡರಷ್ಟು, ಜೊತೆಗೆ ಅದೇ ಕನಿಷ್ಠ ವೇತನದಲ್ಲಿ ಹೆಂಡತಿಗೆ ಮುಕ್ಕಾಲು ಭಾಗ, ಮಗುವಿಗೆ ಕಾಲು ಭಾಗ ತೋರಿಸಬೇಕು. ಬಂದ ವಾರದಲ್ಲೇ ಊರಿನ ಕಚೇರಿಗೆ ಹೋಗಿ ‘ಪದ್ರೋನ್’ ಎಂಬ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಿ. ಆಸ್ಪತ್ರೆ, ಶಾಲೆ ಎಲ್ಲಕ್ಕೂ ಅದು ಬೇಕು. ಶಾಲೆಯಲ್ಲೀಗ ಏಳು ಮಕ್ಕಳು, ಎಲ್ಲ ವಯಸ್ಸಿನವರಿಗೂ ಒಂದೇ ಕೋಣೆ. ಮೇಯರ್‌ಗೆ ನಿಮ್ಮಿಬ್ಬರಿಗಿಂತ ನಿಮ್ಮ ಮಗಳ ಮೇಲೆಯೇ ಹೆಚ್ಚು ಆಸೆ, ಬೇಸರಿಸಬೇಡಿ.

ಕಾರಿಲ್ಲದೆ ಇಲ್ಲಿ ನಡೆಯುವುದಿಲ್ಲ. ನಮ್ಮ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಡುವುದಿಲ್ಲ. ವಾಸದ ಪರವಾನಗಿ ಸಿಕ್ಕ ಆರು ತಿಂಗಳ ಮೇಲೆ ಅದು ಕಾಗದವಷ್ಟೇ. ಹದಿನೈದು ವರ್ಷ ಸಿಲ್ಕ್ ಬೋರ್ಡಿನಲ್ಲಿ ಕಾರು ಓಡಿಸಿದ ನನ್ನ ಗಂಡ ಹದಿನೆಂಟರ ಹುಡುಗರ ಪಕ್ಕ ಕುಳಿತು ಪರೀಕ್ಷೆ ಬರೆದರು. ಮೂವತ್ತು ಪ್ರಶ್ನೆ, ಮೂರು ತಪ್ಪಿಗೆ ಮಾತ್ರ ಮಾಫಿ. ಮೊದಲ ಸಲ ನಾಲ್ಕು ತಪ್ಪಾಗಿತ್ತು.

ಇನ್ನು ಊಟ. ಬಾರಿನಲ್ಲಿ ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ. ಮನೆಯಲ್ಲಿ ಮಾತ್ರ ಯಾವ ಕೊರತೆಯೂ ಇಲ್ಲ. ಕಡಲೆ, ಹೆಸರಾಂತ ಬೇಳೆಗಳು, ಒಳ್ಳೆಯ ಮೊಸರು, ಆಲಿವ್ ಎಣ್ಣೆ ಎಲ್ಲ ಇವೆ. ಬೊರಾಹಾ ಎಂಬ ಸೊಪ್ಪಿದೆ, ತೆರುಯೆಲ್ ಸೇರಿದ ಅರಗಾನ್ ಸೀಮೆಯ ಹೆಮ್ಮೆ. ದಂಟಿನ ಮೇಲಿನ ಮುಳ್ಳುಕೂದಲನ್ನು ಉಜ್ಜಿ ತೆಗೆದು ಆಲೂಗಡ್ಡೆಯೊಂದಿಗೆ ಬೇಯಿಸುತ್ತಾರೆ. ನಾನು ಹುಳಿ ಮಾಡುತ್ತೇನೆ, ಕೆಸುವಿನ ದಂಟನ್ನು ಮರೆಸುತ್ತದೆ.

ನಿರ್ಧಾರ ಮಾಡುವ ಮೊದಲು ಹತ್ತು ದಿನ ಬಂದು ಇದ್ದು ನೋಡಿ, ಜನವರಿಯಲ್ಲಿ. ಆಗಸ್ಟಿನಲ್ಲಿ ಬೇಡ; ಆಗ ಹಬ್ಬಕ್ಕೆ ಬಂದವರಿಂದ ಊರು ತುಂಬಿ, ಸುಳ್ಳು ಹೇಳುತ್ತದೆ. ಇದೇ ಕಣಿವೆಯ ಕಾಲಾಮೊಚಾದಲ್ಲಿ 1963ರ ಡಿಸೆಂಬರಿನಲ್ಲಿ ಮೈನಸ್ 30 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟಿಲ್ಲ, ಆದರೂ ಸಂಜೆ ಆರಕ್ಕೆ ಬೀದಿಯಲ್ಲಿ ಸೌದೆ ಹೊಗೆಯ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಹೆಂಡತಿಯ ಮುಖ ನೋಡಿ.

ನಮ್ಮ ಮನೆಯಲ್ಲೇ ಉಳಿಯಿರಿ, ಮೇಲಿನ ಕೋಣೆ ಖಾಲಿಯಿದೆ. ಕುಕ್ಕರ್ ಹೊತ್ತು ತರಬೇಡಿ, ಇಲ್ಲಿ ಸಿಗುತ್ತದೆ. ಇಡ್ಲಿ ತಟ್ಟೆ ತನ್ನಿ. ಬ್ಯಾಗಿನಲ್ಲಿ ಜಾಗವಿದ್ದರೆ ನನಗೆ ಅರ್ಧ ಕೆಜಿ ಬ್ಯಾಡಗಿ ಮೆಣಸಿನಕಾಯಿ.